‘ತೆಂಜಿಕು’ ಅಂದರೂ ನಾವೇ, ‘ಇಂದೊ’ ಅಂದರೂ ನಾವೇ: ಜಪಾನಿ ಭಾಷೆಯಲ್ಲಿ ಭಾರತದ ಹೆಸರು

ಪ್ರಶ್ನೆ: ಬೆಂಗಳೂರಿನಲ್ಲಿ ಒಂದು ಜಪಾನಿ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಎರಡು ವರ್ಷದಿಂದ ಜಪಾನಿ ಕಲಿಯುತ್ತಿದ್ದೇನೆ. ಅಲ್ಲಿನ ಪತ್ರಿಕೆಗಳ ತಲೆಬರಹದಲ್ಲಿ ಭಾರತಕ್ಕೆ ‘ಇನ್’ ಎಂಬ ಒಂದೇ ಕಾಂಜಿ (ಚೀನೀ ಲಿಪಿಯಿಂದ ಬಂದ) ಅಕ್ಷರ ಹಾಕುತ್ತಾರೆ. ನಿಘಂಟಿನಲ್ಲಿ ಅದಕ್ಕೆ ‘ಮೊಹರು, ಗುರುತು’ ಅಂತ ಅರ್ಥ ಇದೆ. ನಮ್ಮ ದೇಶಕ್ಕೂ ಮೊಹರಿಗೂ ಏನು ಸಂಬಂಧ? ಇನ್ನೊಂದು ವಿಷಯ. ಟೋಕಿಯೋದಲ್ಲಿ ಒಂದು ಟೀ ಶರ್ಟು ಕೊಂಡೆ. ಅದರ ಲೇಬಲ್ಲಿನಲ್ಲಿ ‘ತೆಂಜಿಕು’ ಅಂತ ಬರೆದಿತ್ತು. ನಿಘಂಟು ಅದಕ್ಕೂ ‘ಭಾರತ’ ಅನ್ನುತ್ತದೆ. ಆದರೆ ಶರ್ಟು ತಯಾರಾದದ್ದು ವಿಯೆಟ್ನಾಂನಲ್ಲಿ! ಇವುಗಳಲ್ಲಿ ನಮ್ಮ ದೇಶದ ನಿಜವಾದ ಹೆಸರು ಯಾವುದು?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನೇರವಾದ ಉತ್ತರ ಕೊಟ್ಟುಬಿಡುತ್ತೇನೆ. ನಮ್ಮ ದೇಶಕ್ಕೂ ಮೊಹರಿಗೂ ಯಾವ ಸಂಬಂಧವೂ ಇಲ್ಲ. ಆ ಅಕ್ಷರವನ್ನು ಅರ್ಥ ನೋಡಿ ತಂದಿಲ್ಲ, ಸದ್ದು ನೋಡಿ ತಂದಿದ್ದಾರೆ. ‘ಇಂದೊ’ ಎಂಬ ಹೆಸರನ್ನು ಕಾಂಜಿಯಲ್ಲಿ ಬರೆಯಬೇಕಾದರೆ ‘ಇನ್’ ಮತ್ತು ‘ದೊ’ ಅಂತ ಎರಡು ಅಕ್ಷರ ಬೇಕು. ಮೊದಲನೆಯದು ಮೊಹರು. ಎರಡನೆಯದು ಡಿಗ್ರಿ, ಅಳತೆ, ಸಲ. ಜ್ವರ ಬಂದವರನ್ನು ಎಷ್ಟು ‘ದೊ’ ಇದೆ ಅಂತ ಕೇಳುತ್ತಾರಲ್ಲ, ಅದೇ ‘ದೊ’. ಎರಡನ್ನೂ ಕೂಡಿಸಿ ‘ಮೊಹರು ಡಿಗ್ರಿ’ ಅಂತ ಓದಿದರೆ ಏನೂ ತಿಳಿಯುವುದಿಲ್ಲ. ತಿಳಿಯಲಿ ಅಂತ ಬರೆದದ್ದೂ ಅಲ್ಲ. ಹೀಗೆ ಸದ್ದಿಗೆ ಅಕ್ಷರ ಹೊಂದಿಸುವುದನ್ನು ಜಪಾನಿನಲ್ಲಿ ‘ಅತೆಜಿ’ ಅಂತಾರೆ.

ಇದು ನಮ್ಮೊಬ್ಬರ ಕಥೆ ಅಲ್ಲ. ಅಮೆರಿಕಕ್ಕೆ ಜಪಾನಿಯಲ್ಲಿ ‘ಬೇಕೊಕು’ ಅಂತಾರೆ. ಅಕ್ಷರ ಅಕ್ಷರ ಬಿಡಿಸಿದರೆ ‘ಅಕ್ಕಿ ದೇಶ’. ಅಲ್ಲಿ ಭತ್ತ ಬೆಳೆಯುತ್ತಾರೆ ಅಂತ ಇಟ್ಟ ಹೆಸರಲ್ಲ. ‘ಅಮೆರಿಕ’ ಅಂತ ಬರೆಯಲು ನಾಲ್ಕು ಕಾಂಜಿ ಜೋಡಿಸಿದರು. ಅದರಲ್ಲಿ ‘ಮೆ’ ಎಂಬ ಸದ್ದಿಗೆ ಸಿಕ್ಕಿದ್ದು ಅಕ್ಕಿಯ ಅಕ್ಷರ. ಚುಟುಕಾಗಿ ಬರೆಯುವಾಗ ಮೊದಲ ಅಕ್ಷರ ಹಿಡಿಯಬೇಕಿತ್ತು. ಆದರೆ ಆ ‘ಅ’ ಏಷ್ಯಾದ ಹೆಸರಿಗೂ ಮೊದಲ ಅಕ್ಷರ. ಹಾಗಾಗಿ ಎರಡನೆಯದನ್ನು ಹಿಡಿದರು. ಅಕ್ಕಿ ಉಳಿಯಿತು. ಇದೇ ಲೆಕ್ಕದಲ್ಲಿ ಫ್ರಾನ್ಸಿಗೆ ‘ಬುದ್ಧ’ ಎಂಬ ಅರ್ಥದ ಅಕ್ಷರ ಬಂದಿದೆ. ಜರ್ಮನಿಗೆ ‘ಒಂಟಿ’ ಎಂಬ ಅಕ್ಷರ. ರಷ್ಯಾಕ್ಕೆ ಈಗ ‘ಇಬ್ಬನಿ’. ಹಿಂದೆ ರಷ್ಯಾಕ್ಕೆ ಬೇರೊಂದು ಅಕ್ಷರ ಇತ್ತು, ಅದಕ್ಕೆ ‘ಮಂಕು, ದಡ್ಡ’ ಎಂಬ ಅರ್ಥವೂ ಇದೆ. ರಷ್ಯಾದ ಕಡೆಯಿಂದ ತಕರಾರು ಬಂದ ಮೇಲೆ ಅದನ್ನು ಬದಲಿಸಿದರು. ಸದ್ದಿಗಾಗಿ ತಂದ ಅಕ್ಷರದ ಅರ್ಥ ಪೂರ್ತಿ ಸಾಯುವುದಿಲ್ಲ, ಎಲ್ಲೋ ಒಳಗೆ ಮಿಣುಕುತ್ತಲೇ ಇರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ. ನಮ್ಮ ಹೆಸರಿನ ಕಥೆಯಲ್ಲಿ ಇದು ಮತ್ತೆ ಮತ್ತೆ ಬರುತ್ತದೆ.

ಈಗ ಎರಡನೆಯ ಪ್ರಶ್ನೆ. ‘ಇಂದೊ’ ನಿಜವೋ ‘ತೆಂಜಿಕು’ ನಿಜವೋ? ಎರಡೂ ಒಂದೇ ಹೆಸರು. ಕೇಳಲು ಎಷ್ಟು ಬೇರೆ ಅನ್ನಿಸಿದರೂ ಎರಡೂ ಒಂದು ನದಿಯಿಂದ ಹುಟ್ಟಿದವು. ಆ ನದಿ ಸಿಂಧು.

ಸಿಂಧು ಎಂಬ ಸಂಸ್ಕೃತ ಪದ ಪರ್ಷಿಯನ್ನರ ಬಾಯಲ್ಲಿ ‘ಹಿಂದು’ ಆಯಿತು. ಅವರ ಭಾಷೆಯಲ್ಲಿ ನಮ್ಮ ‘ಸ’ ಇರುವಲ್ಲಿ ‘ಹ’ ಬರುತ್ತದೆ. ದೊರೆ ಡೇರಿಯಸ್ಸನ ಶಾಸನಗಳಲ್ಲೇ ‘ಹಿಂದುಶ್’ ಎಂಬ ರೂಪ ಇದೆ. ಇದು ವಿಚಿತ್ರ ಅನ್ನಿಸಿದರೆ ನಮ್ಮದೇ ಭಾಷೆ ನೋಡಿ. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಒಂದು ಸದ್ದು ಸವೆದು ‘ಹ’ ಆಗುವುದು ಭಾಷೆಗಳಲ್ಲಿ ಸಾಮಾನ್ಯ. ಗ್ರೀಕರು ಆ ‘ಹ’ವನ್ನೂ ಬಿಟ್ಟು ‘ಇಂದೋಸ್’ ಅಂದರು. ಅಲ್ಲಿಂದ ಯುರೋಪಿನ ‘ಇಂಡಿಯಾ’. ಪಶ್ಚಿಮಕ್ಕೆ ಹೋದ ಕವಲು ಅದು. ಪೂರ್ವಕ್ಕೆ ಹೋದ ಕವಲು ಚೀನಾ ದಾಟಿ ಜಪಾನ್ ಮುಟ್ಟಿತು.

ಕ್ರಿ.ಪೂ. 2ನೇ ಶತಮಾನದಲ್ಲಿ ಝಾಂಗ್ ಚಿಯಾನ್ ಎಂಬ ಚೀನೀ ರಾಯಭಾರಿ ಈಗಿನ ಅಫ್ಘಾನಿಸ್ತಾನದ ಉತ್ತರ ಭಾಗದ ಬ್ಯಾಕ್ಟ್ರಿಯಾಕ್ಕೆ ಹೋಗಿದ್ದ. ಅಲ್ಲಿನ ಪೇಟೆಯಲ್ಲಿ ತನ್ನ ದೇಶದ ಬಿದಿರಿನ ಕೋಲು, ತನ್ನ ದೇಶದ ಬಟ್ಟೆ ಕಂಡು ಬೆರಗಾದ. ಇದು ಎಲ್ಲಿಂದ ಬಂತು ಅಂತ ಕೇಳಿದ. ಆಗ್ನೇಯಕ್ಕೆ ಬಹು ದೂರದಲ್ಲಿ ಒಂದು ದೇಶ ಇದೆ, ದೊಡ್ಡ ನದಿಯ ದಡದಲ್ಲಿದೆ, ಅಲ್ಲಿನ ಜನ ಆನೆ ಮೇಲೆ ಕೂತು ಯುದ್ಧ ಮಾಡುತ್ತಾರೆ, ಅಲ್ಲಿಂದ ನಮ್ಮ ವ್ಯಾಪಾರಿಗಳು ತರುತ್ತಾರೆ ಅಂದರು. ಆ ದೇಶದ ಹೆಸರನ್ನು ಚೀನೀಯರು ‘ಶೆಂದು’ ಅಂತ ಬರೆದುಕೊಂಡರು. ಅದಕ್ಕೆ ಹಾಕಿದ ಎರಡು ಅಕ್ಷರಗಳ ಅರ್ಥ ‘ಮೈ’ ಮತ್ತು ‘ವಿಷ’. ನಮ್ಮನ್ನು ಬೈಯಲು ಹಾಕಿದ್ದಲ್ಲ, ಕಿವಿಗೆ ಬಿದ್ದ ಸದ್ದಿಗೆ ಹೊಂದುವ ಅಕ್ಷರ ಹಾಕಿದರು, ಅಷ್ಟೇ.

ಆಮೇಲೆ ಇನ್ನೊಂದು ರೂಪ ಬಂತು. ಇದರ ಮೊದಲ ಅಕ್ಷರಕ್ಕೆ ‘ಆಕಾಶ, ಸ್ವರ್ಗ’ ಅಂತ ಅರ್ಥ. ಎರಡನೆಯದು ಒಂದು ಬಗೆಯ ಬಿದಿರು. ಇಂದಿನ ಚೀನಿಯಲ್ಲಿ ಇದನ್ನು ‘ತ್ಯೆನ್‌ಜು’ ಅಂತ ಓದುತ್ತಾರೆ. ಸಿಂಧುವಿಗೂ ಇದಕ್ಕೂ ಎಲ್ಲಿಯ ನಂಟು ಅನ್ನಿಸುತ್ತದೆ, ಅಲ್ವಾ? ಆದರೆ ಹಳೆಯ ಚೀನಿಯಲ್ಲಿ ಈ ಎರಡು ಅಕ್ಷರಗಳ ಉಚ್ಚಾರ ಹೆಚ್ಚುಕಡಿಮೆ ‘ಹೆನ್ ತುಕ್’ ಎಂಬಂತೆ ಇತ್ತು ಅಂತ ಭಾಷಾ ವಿದ್ವಾಂಸರು ಲೆಕ್ಕ ಹಾಕುತ್ತಾರೆ. ಪರ್ಷಿಯನ್ ಕಡೆಯ ‘ಹಿಂದುಕ’ದ ಪಕ್ಕ ಇಟ್ಟು ನೋಡಿ. ಆಗ ನಂಟು ಕಾಣುತ್ತದೆ.

ಈ ಅಕ್ಷರ ಜೋಡಿ ಬೌದ್ಧ ಗ್ರಂಥಗಳ ಜೊತೆ ಜಪಾನಿಗೆ ಬಂತು. ಅಲ್ಲಿ ‘ತೆಂಜಿಕು’ ಆಯಿತು. ಕೊನೆಯ ‘ಕು’ ಗಮನಿಸಿ. ಹಳೆಯ ಚೀನಿಯ ಕೊನೆಯ ‘ಕ್’ ಇಂದಿನ ಬೀಜಿಂಗ್ ಚೀನಿಯಲ್ಲಿ ಉದುರಿಹೋಗಿದೆ. ಜಪಾನಿಯರು ಅದಕ್ಕೊಂದು ‘ಉ’ ಸೇರಿಸಿ ಉಳಿಸಿಕೊಂಡರು. ‘ನ್’ ಬಿಟ್ಟು ಬೇರೆ ವ್ಯಂಜನದಲ್ಲಿ ಮುಗಿಯುವ ಪದ ಅವರ ನಾಲಿಗೆಗೆ ಒಗ್ಗುವುದಿಲ್ಲ. ನಾವು ಬಸ್ಸು, ಕಾರು, ಶರ್ಟು ಅನ್ನುತ್ತೇವಲ್ಲ, ಅದೇ ಕೆಲಸ. ನನ್ನ ಕನ್ನಡ ವಿದ್ಯಾರ್ಥಿಗಳಿಗೆ ಜಪಾನಿ ಉಚ್ಚಾರ ಬೇಗ ಹಿಡಿಸುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸಿದೆ.

ಸದ್ದಿಗಾಗಿ ಬಂದ ‘ತೆನ್’ ಜಪಾನಿನಲ್ಲಿ ಸುಮ್ನೆ ಕೂರಲಿಲ್ಲ. ಬೌದ್ಧ ಗ್ರಂಥಗಳಲ್ಲಿ ‘ದೇವ’ ಎಂಬ ಸಂಸ್ಕೃತ ಪದಕ್ಕೆ ಇದೇ ಅಕ್ಷರ ಬಳಸುತ್ತಾರೆ. ನಮ್ಮ ಸರಸ್ವತಿ ಅಲ್ಲಿ ‘ಬೆಂಜಾಯ್‌ತೆನ್’. ಲಕ್ಷ್ಮಿ ‘ಕಿಚಿಜೋತೆನ್’. ಕುಬೇರನಿಗೆ ‘ಬಿಶಾಮೊಂತೆನ್’. ಈ ಎಲ್ಲ ‘ತೆನ್’ಗಳೂ ದೇವರೇ. ಹಾಗಿರುವಾಗ ‘ತೆಂಜಿಕು’ ಎಂಬ ಹೆಸರು ಓದಿದ ಜಪಾನಿಗೆ ಏನನ್ನಿಸಿರಬೇಕು? ದೇವರ ನಾಡು ಅಂತಲೇ. ಅದರ ಮೇಲೆ, ಅದು ಬುದ್ಧ ಹುಟ್ಟಿದ ನೆಲವೂ ಹೌದು.

ಜಪಾನಿನ ಹಳೆಯ ಕಣ್ಣಿಗೆ ಪ್ರಪಂಚ ಅಂದರೆ ಮೂರೇ ದೇಶ. ತಮ್ಮದು, ಚೀನಾ, ತೆಂಜಿಕು. ಇದಕ್ಕೆ ‘ಸಾಂಗೊಕು’, ಅಂದರೆ ‘ಮೂರು ದೇಶ’ ಎಂಬ ಪದವೇ ಇದೆ. 12ನೇ ಶತಮಾನದ ಶುರುವಿನಲ್ಲಿ ಆದ ‘ಕೊಂಜಾಕು ಮೊನೊಗಾತಾರಿಶು’ ಎಂಬ ದೊಡ್ಡ ಕಥಾಸಂಗ್ರಹದಲ್ಲಿ 31 ಸಂಪುಟ. ಮೊದಲ ಐದು ತೆಂಜಿಕು ಕಥೆಗಳು, ಮುಂದಿನ ಐದು ಚೀನಾ ಕಥೆಗಳು, ಉಳಿದದ್ದು ಜಪಾನಿನದು. ಕಥೆ ಶುರುವಾಗುವುದು ನಮ್ಮಿಂದ. ಮದುವೆಯಲ್ಲಿ ವಧುವನ್ನು ಹೊಗಳುವಾಗ ‘ಸಾಂಗೊಕು ಇಚಿ’ ಅನ್ನುವ ರೂಢಿಯೂ ಬೆಳೆಯಿತು. ಮೂರು ದೇಶದಲ್ಲೇ ಮೊದಲನೆಯವಳು, ಅಂದರೆ ಇಡೀ ಲೋಕದಲ್ಲಿ ಅಂಥವಳು ಇಲ್ಲ ಅಂತ.

ತೆಂಜಿಕುವಿನಿಂದ ಜಪಾನಿಗೆ ಬಂದ ಒಬ್ಬರ ಹೆಸರು ಗಟ್ಟಿಯಾಗಿ ಉಳಿದಿದೆ. ಬೋಧಿಸೇನ ಎಂಬ ಭಾರತೀಯ ಭಿಕ್ಷು ಚೀನಾ ಮೂಲಕ 736ರಲ್ಲಿ ಜಪಾನಿಗೆ ಹೋದರು. 752ರಲ್ಲಿ ನಾರಾದ ತೋದಾಯ್‌ಜಿ ದೇವಾಲಯದ ಮಹಾಬುದ್ಧನ ವಿಗ್ರಹಕ್ಕೆ ಕಣ್ಣು ಬರೆಯುವ ವಿಧಿ ನಡೆಯಿತು. ಕುಂಚ ಹಿಡಿದು ಕಣ್ಣು ತೆರೆಸಿದವರು ಇವರೇ. ಅಲ್ಲಿ ಅವರನ್ನು ‘ಬಾರಾಮೊನ್ ಸೋಜೋ’ ಅಂತ ಕರೆದರು. ‘ಬಾರಾಮೊನ್’ ಅಂದರೆ ಬ್ರಾಹ್ಮಣ. ಅವರು 760ರಲ್ಲಿ ಜಪಾನಿನಲ್ಲೇ ತೀರಿಕೊಂಡರು.

ಇಲ್ಲಿಂದ ಅಲ್ಲಿಗೆ ಹೋದವರಿದ್ದಾರೆ. ಅಲ್ಲಿಂದ ಇಲ್ಲಿಗೆ ಬರಲು ಹೊರಟವರು? ಹೆಯ್ಜೆಯ್ ಚಕ್ರವರ್ತಿಯ ಮಗ ತಾಕಾಓಕಾ ರಾಜಕುಮಾರ ಭಿಕ್ಷುವಾಗಿ, ಮುಪ್ಪಿನಲ್ಲಿ, 865ರಲ್ಲಿ ಚೀನಾದ ಗುವಾಂಗ್‌ಝೌ ಬಂದರಿನಿಂದ ತೆಂಜಿಕುವಿಗೆ ಹಡಗು ಹತ್ತಿದ. ಮುಟ್ಟಲಿಲ್ಲ. ದಾರಿಯಲ್ಲೇ ತೀರಿಕೊಂಡ.

ಮುಟ್ಟದೇ ಹೋದ ಇನ್ನೊಬ್ಬರ ಬಗ್ಗೆ ನಿಮಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮ್ಯೋಎ ಎಂಬ ಸನ್ಯಾಸಿ. 1173ರಿಂದ 1232ರವರೆಗೆ ಬದುಕಿದ್ದವರು. ಕ್ಯೋತೋ ಪಕ್ಕದ ಬೆಟ್ಟದಲ್ಲಿರುವ ಕೋಜಾನ್‌ಜಿ ಮಠ ಇವರದು. ಚಿಕ್ಕಂದಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡವರು. ಬುದ್ಧನನ್ನೇ ತಂದೆ ಅಂದುಕೊಂಡು ಬೆಳೆದರು. ಆ ತಂದೆಯ ಊರು ನೋಡಬೇಕು, ತೆಂಜಿಕುವಿಗೆ ಹೋಗಬೇಕು ಅಂತ ಅವರಿಗೆ ತೀರದ ಆಸೆ. 1203ರಲ್ಲಿ ಹೊರಡುವ ಹೊತ್ತಿಗೆ ಕಾಸುಗಾ ದೇವರು ಒಬ್ಬ ಹೆಂಗಸಿನ ಮೈಮೇಲೆ ಬಂದು ‘ಹೋಗಬೇಡ’ ಅಂದಿತು. ನಿಲ್ಲಿಸಿದರು. 1205ರಲ್ಲಿ ಮತ್ತೆ ತಯಾರಿ ನಡೆಸಿದರು. ಚೀನಾದ ಛಾಂಗ್‌ಆನ್ ನಗರದಿಂದ ಮಗಧದ ರಾಜಗೃಹದವರೆಗೆ ಎಷ್ಟು ದೂರ, ದಿನಕ್ಕೆ ಇಷ್ಟು ನಡೆದರೆ ಎಷ್ಟು ದಿನ ಬೇಕು ಅಂತ ಕಾಗದದ ಮೇಲೆ ಲೆಕ್ಕ ಹಾಕಿಟ್ಟರು. ಕಾಲು ಚುರುಕಾಗಿದ್ದರೆ ಇಷ್ಟು, ನಿಧಾನವಾದರೆ ಇಷ್ಟು ಅಂತ ಬೇರೆ ಬೇರೆ ಲೆಕ್ಕ. ಎರಡನೆಯ ಸಲವೂ ಹೋಗಲಾಗಲಿಲ್ಲ.

ಅವರು ತಮ್ಮೂರಿನ ಕಡಲಲ್ಲಿರುವ ತಾಕಾಶಿಮಾ ದ್ವೀಪದ ದಂಡೆಯಿಂದ ಕಲ್ಲು ಆಯ್ದು ತಂದಿದ್ದರು. ಸಣ್ಣ, ನುಣುಪು ಕಲ್ಲುಗಳು. ಅವುಗಳಲ್ಲೊಂದು ಬಗೆಗೆ ‘ಸೊಬಾ ಕಲ್ಲು’ ಅಂತ ಹೆಸರಿಟ್ಟರು. ತೆಂಜಿಕುವಿನ ಸೊಬಾ ನದಿಯ ದಡದಲ್ಲಿ ಬುದ್ಧನ ಹೆಜ್ಜೆ ಗುರುತು ಇದೆ ಅಂತ ಅವರು ಗ್ರಂಥಗಳಲ್ಲಿ ಓದಿದ್ದರು. ಅವರ ಯೋಚನೆ ಹೀಗಿತ್ತು. ಆ ಹೆಜ್ಜೆಯನ್ನು ತೊಳೆದ ನೀರು ಸಮುದ್ರ ಸೇರುತ್ತದೆ. ಸಮುದ್ರ ಎಲ್ಲ ಕಡೆ ಒಂದೇ. ಆ ಸಮುದ್ರವೇ ಈ ಕಲ್ಲನ್ನೂ ತೊಳೆದಿದೆ. ಹಾಗಾದರೆ ಈ ಕಲ್ಲು ನನಗೆ ಹತ್ತಿರದ ನಂಟು. ಇದೇ ಭಾವದ ಒಂದು ಪುಟ್ಟ ಪದ್ಯವನ್ನೂ ಬರೆದರು. ಕಲ್ಲುಗಳು ಈಗಲೂ ಕೋಜಾನ್‌ಜಿಯಲ್ಲಿವೆ.

ಆ ಸೊಬಾ ನದಿ ಯಾವುದು ಗೊತ್ತಾ? ಋಗ್ವೇದದ ಸುವಾಸ್ತು. ಈಗಿನ ಸ್ವಾತ್. ಅದು ಕಾಬೂಲ್ ನದಿಯನ್ನು ಸೇರುತ್ತದೆ. ಕಾಬೂಲ್ ನದಿ ಸಿಂಧುವನ್ನು ಸೇರುತ್ತದೆ. ‘ತೆಂಜಿಕು’ ಎಂಬ ಪದದೊಳಗೆ ಅಡಗಿರುವ ಸಿಂಧುವೇ ಅದು. ಮ್ಯೋಎಗೆ ಈ ಪದದ ಹುಟ್ಟು ತಿಳಿದಿರಲು ಸಾಧ್ಯವಿರಲಿಲ್ಲ. ಆದರೂ ಅವರ ಮನಸ್ಸು ಹೋಗಿ ನಿಂತದ್ದು ಆ ನದಿಯ ನೀರಿನ ಹತ್ತಿರವೇ. ಇಷ್ಟು ವರ್ಷ ಈ ಭಾಷೆ ಕಲಿಸಿದ ಮೇಲೂ ಈ ಸಂಗತಿ ಹೇಳುವಾಗ ನನ್ನ ದನಿ ಸ್ವಲ್ಪ ನಡುಗುತ್ತದೆ.

ಆ ಕಾಲದವರ ಕಣ್ಣಿನಲ್ಲಿ ತೆಂಜಿಕು ಹೇಗಿತ್ತು ಅಂತ ನೋಡಬೇಕಾದರೆ 1364ರಲ್ಲಿ ಜೂಕಾಯ್ ಎಂಬ ಭಿಕ್ಷು ಬರೆದ ‘ಐದು ತೆಂಜಿಕುಗಳ ಪಟ’ ಇದೆ. ಹೋರ್ಯೂಜಿ ದೇವಾಲಯದ ಹೆಸರಿನಲ್ಲಿ ಪ್ರಸಿದ್ಧ. ಅದರಲ್ಲಿ ಭಾರತವೇ ಇಡೀ ಭೂಖಂಡ, ಮೊಟ್ಟೆಯ ಆಕಾರದಲ್ಲಿ. ಅದರ ಮೈಮೇಲೆ ಹ್ಯೂಯೆನ್ ತ್ಸಾಂಗ್ ನಡೆದ ದಾರಿಯನ್ನು ಕೆಂಪು ಗೆರೆಯಲ್ಲಿ ಎಳೆದಿದ್ದಾರೆ. ಜಪಾನ್ ಮೇಲ್ಗಡೆ ಮೂಲೆಯಲ್ಲಿ ಒಂದು ಚಿಕ್ಕ ತುಣುಕು. ತನ್ನ ದೇಶವನ್ನು ಮೂಲೆಗಿಟ್ಟು ಇನ್ನೊಂದು ದೇಶವನ್ನು ನಡುವಿಗಿಟ್ಟು ಪಟ ಬರೆಯುವುದು ಚಿಕ್ಕ ಮಾತಲ್ಲ.

ಆದರೆ ಯಾರೂ ಕಣ್ಣಾರೆ ನೋಡದ ದೇಶದ ಹೆಸರು ನಿಧಾನಕ್ಕೆ ಸಡಿಲವಾಗುತ್ತದೆ. 1549ರ ಆಗಸ್ಟಿನಲ್ಲಿ ಕ್ರೈಸ್ತ ಪಾದ್ರಿ ಫ್ರಾನ್ಸಿಸ್ ಝೇವಿಯರ್ ಕಾಗೊಶಿಮಾ ಬಂದರಿಗೆ ಇಳಿದರು. ಅವರು ಹೊರಟದ್ದು ನಮ್ಮ ಪಕ್ಕದ ಗೋವಾದಿಂದ. ಗೋವಾದಿಂದ ಬಂದವರು ಅಂದ ಮೇಲೆ ತೆಂಜಿಕುವಿನವರು, ತೆಂಜಿಕುವಿನಿಂದ ಬಂದ ಧರ್ಮ ಅಂದ ಮೇಲೆ ಅದು ಬೌದ್ಧ ಧರ್ಮದ್ದೇ ಒಂದು ಪಂಥ ಅಂತ ಅನೇಕ ಜಪಾನಿಯರು ತಿಳಿದರು. ಝೇವಿಯರ್ ಶುರುವಿನಲ್ಲಿ ದೇವರಿಗೆ ‘ದಾಯ್‌ನಿಚಿ’ ಎಂಬ ಬೌದ್ಧ ಹೆಸರನ್ನೇ ಬಳಸಿದ್ದರಿಂದ ಗೊಂದಲ ಇನ್ನೂ ಜಾಸ್ತಿಯಾಯಿತು. 1552ರಲ್ಲಿ ಯಾಮಾಗುಚಿಯ ದೊರೆ ಅವರ ಸಂಗಡಿಗರಿಗೆ ಜಾಗ ಕೊಟ್ಟ ಪತ್ರದಲ್ಲಿ ‘ಪಶ್ಚಿಮದಿಂದ ಬುದ್ಧನ ಧರ್ಮ ಹರಡಲು ಬಂದ ಭಿಕ್ಷುಗಳು’ ಎಂಬ ಅರ್ಥದ ಮಾತಿದೆ. ಒಂದು ದೇಶದ ಹೆಸರು ಪೋರ್ಚುಗೀಸ್ ಹಡಗಿನ ಪಾದ್ರಿಗಳನ್ನೂ ಒಳಗೆ ಸೇರಿಸಿಕೊಳ್ಳುವಷ್ಟು ಹಿಗ್ಗಿತ್ತು. 17ನೇ ಶತಮಾನದ ತೋಕುಬೆ ಎಂಬ ವ್ಯಾಪಾರಿ ಹದಿಹರೆಯದಲ್ಲೇ ಸಯಾಮಿಗೆ, ಅಂದರೆ ಈಗಿನ ಥಾಯ್ಲೆಂಡಿಗೆ ಹಡಗಿನಲ್ಲಿ ಹೋಗಿ ಬಂದ. ಜನ ಅವನನ್ನು ‘ತೆಂಜಿಕು ತೋಕುಬೆ’ ಅಂತಲೇ ಕರೆದರು. ಚೀನಾದ ಆಚೆ ಇರುವುದೆಲ್ಲ ತೆಂಜಿಕು, ಅಷ್ಟೇ.

ಇಲ್ಲಿಗೆ ನಿಮ್ಮ ಟೀ ಶರ್ಟಿನ ಗುಟ್ಟು ಹತ್ತಿರ ಬಂತು. ಆ ಕಾಲದಿಂದ ‘ತೆಂಜಿಕು’ ಎಂಬುದು ‘ಕಡಲಾಚೆಯದು’ ಎಂಬ ಅರ್ಥದಲ್ಲಿ ಬೇರೆ ಪದಗಳ ಶುರುವಿಗೆ ಸೇರಿಕೊಳ್ಳತೊಡಗಿತು. ಡಚ್ಚರ ಹಡಗಿನಲ್ಲಿ ಬಂದ ಡೇಲಿಯಾ ಹೂವಿಗೆ ‘ತೆಂಜಿಕು ಬೊತಾನ್’. ಡೇಲಿಯಾದ ತವರು ಮೆಕ್ಸಿಕೋ. ಗಿನಿಪಿಗ್‌ಗೆ ‘ತೆಂಜಿಕು ನೆಜುಮಿ’, ಅಂದರೆ ತೆಂಜಿಕು ಇಲಿ. ಅದರ ತವರು ದಕ್ಷಿಣ ಅಮೆರಿಕ. ಕುಂಡದಲ್ಲಿ ಬೆಳೆಸುವ ಜೆರೇನಿಯಂ ಗಿಡಕ್ಕೆ ‘ತೆಂಜಿಕು ಆಓಯ್’. ಅದು ಬಂದದ್ದು ದಕ್ಷಿಣ ಆಫ್ರಿಕಾ ಕಡೆಯಿಂದ. ಒಂದೂ ನಮ್ಮದಲ್ಲ!

ಕನ್ನಡದವರಿಗೆ ಇದನ್ನು ವಿವರಿಸುವುದು ಬಹಳ ಸುಲಭ. ನಮ್ಮಲ್ಲಿ ‘ಸೀಮೆ’ ಇದೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆಕಾಯಿ. ಯಾವ ಸೀಮೆ ಅಂತ ಯಾರೂ ಕೇಳುವುದಿಲ್ಲ. ಹೊರಗಿನಿಂದ ಬಂದದ್ದು, ಅಷ್ಟು ಗೊತ್ತಾದರೆ ಸಾಕು. ಸೀಮೆಬದನೆಯೂ ಮೆಕ್ಸಿಕೋದ ಕಡೆಯದೇ. ಜಪಾನಿನ ‘ತೆಂಜಿಕು ಬೊತಾನ್’ ಪಕ್ಕ ನಮ್ಮ ‘ಸೀಮೆಬದನೆ’ ಇಟ್ಟರೆ ಎರಡೂ ಒಂದೇ ಬಗೆಯ ಪದ.

ಬಟ್ಟೆಯ ವಿಷಯದಲ್ಲಿ ಮಾತ್ರ ಹೆಸರಿಗೆ ನಿಜವಾದ ಬುಡ ಇದೆ. ಭಾರತದಿಂದ ಹೋದ ಸಾದಾ ನೇಯ್ಗೆಯ ಹತ್ತಿ ಬಟ್ಟೆಗೆ ‘ತೆಂಜಿಕು ಮೊಮೆನ್’ ಅಂತ ಹೆಸರಾಯಿತು. ‘ಮೊಮೆನ್’ ಅಂದರೆ ಹತ್ತಿ ಬಟ್ಟೆ. ಆಮೇಲೆ ಟೀ ಶರ್ಟುಗಳಿಗೆ ಬಳಸುವ ಸಾದಾ ಹೆಣಿಗೆಯ ಬಟ್ಟೆಗೂ ಅದೇ ಹೆಸರು ದಾಟಿತು. ಇವತ್ತು ಜಪಾನಿನ ಬಟ್ಟೆ ವ್ಯಾಪಾರದಲ್ಲಿ ‘ತೆಂಜಿಕು’ ಅಂದರೆ ಆ ಹೆಣಿಗೆ. ಯಾವ ದೇಶದಲ್ಲಿ ಹೆಣೆದರೂ ಸರಿ. ಹಾಗಾಗಿ ನಿಮ್ಮ ಶರ್ಟು ವಿಯೆಟ್ನಾಂನದಾಗಿದ್ದರೂ ಲೇಬಲ್ಲು ಸುಳ್ಳು ಹೇಳಿಲ್ಲ.

ಇನ್ನು ‘ಇಂದೊ’ ಕಡೆ ಬರೋಣ. ಇದರ ಕಾಂಜಿ ರೂಪವನ್ನು ನೆಲೆ ನಿಲ್ಲಿಸಿದವರು ಹ್ಯೂಯೆನ್ ತ್ಸಾಂಗ್. ಅವರು ಭಾರತ ಸುತ್ತಿ 645ರಲ್ಲಿ ಚೀನಾಕ್ಕೆ ಮರಳಿದರು. ಮರುವರ್ಷ, 646ರಲ್ಲಿ, ಅವರ ಪ್ರವಾಸ ಗ್ರಂಥ ಸಿದ್ಧವಾಯಿತು. ಅದರಲ್ಲಿ ಅವರು ಹೆಸರಿನ ಬಗ್ಗೆಯೇ ಒಂದು ಭಾಗ ಬರೆದಿದ್ದಾರೆ. ಈ ದೇಶಕ್ಕೆ ನಮ್ಮಲ್ಲಿ ನಾನಾ ಹೆಸರು ಇವೆ, ಗೊಂದಲವಾಗಿದೆ, ಇನ್ನು ಸರಿಯಾದ ಉಚ್ಚಾರದಂತೆ ‘ಯಿಂದು’ ಅನ್ನಬೇಕು ಅನ್ನುತ್ತಾರೆ. ಆ ಎರಡು ಅಕ್ಷರಗಳನ್ನೇ ಜಪಾನಿಯರು ‘ಇಂದೊ’ ಅಂತ ಓದುತ್ತಾರೆ. ಹ್ಯೂಯೆನ್ ತ್ಸಾಂಗ್ ಅದಕ್ಕೆ ಅರ್ಥವನ್ನೂ ಕೊಟ್ಟರು. ಯಿಂದು ಅಂದರೆ ಚಂದ್ರ. ಸೂರ್ಯ ಮುಳುಗಿದ ಮೇಲೆ ಚಂದ್ರ ಬೆಳಕು ಕೊಡುವ ಹಾಗೆ, ಬುದ್ಧ ಮರೆಯಾದ ಮೇಲೆ ಆ ನಾಡಿನ ಜ್ಞಾನಿಗಳು ದಾರಿ ತೋರಿಸಿದರು, ಅದಕ್ಕೇ ಈ ಹೆಸರು ಅಂದರು.

ಸಂಸ್ಕೃತದ ‘ಇಂದು’ ನಮಗೂ ಚಂದ್ರನೇ ತಾನೆ? ಇಂದುಮತಿ, ಇಂದುಧರ, ಇಂದುಮುಖಿ ನಮ್ಮ ಮನೆಗಳ ಹೆಸರುಗಳು. ಹಾಗಾಗಿ ಈ ವಿವರಣೆ ಕಿವಿಗೆ ಬಹಳ ಹಿತ. ಆದರೆ ಪದದ ಹುಟ್ಟಿನ ಲೆಕ್ಕದಲ್ಲಿ ಇದು ಸರಿ ಅಲ್ಲ. ಮಧ್ಯ ಏಷ್ಯಾದ ಭಾಷೆಗಳ ಮೂಲಕ ಬಂದ ಸಿಂಧುವಿನದೇ ಇನ್ನೊಂದು ರೂಪ ಇದು ಅಂತ ಇವತ್ತಿನ ವಿದ್ವಾಂಸರು ಒಪ್ಪುತ್ತಾರೆ. ಹ್ಯೂಯೆನ್ ತ್ಸಾಂಗ್ ಮಾಡಿದ್ದನ್ನು ತಪ್ಪು ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಅವರು ಇಲ್ಲಿ ವರ್ಷಗಟ್ಟಲೆ ಇದ್ದು ಸಂಸ್ಕೃತ ಕಲಿತವರು. ಪ್ರೀತಿಸಿದ ದೇಶದ ಹೆಸರಲ್ಲಿ ಬೆಳದಿಂಗಳು ಕಂಡರು.

ಇಲ್ಲಿ ಕನ್ನಡಿಗರಿಗೆ ಸೇರಿದ ಒಂದು ಮಾತು ಹೇಳಲೇಬೇಕು. ‘ಯಿಂದು’ ಎಂಬ ಹೆಸರನ್ನು ನಿಲ್ಲಿಸಿದ ಆ ಗ್ರಂಥದಲ್ಲೇ ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿಯೂ ಇದ್ದಾನೆ. ಹ್ಯೂಯೆನ್ ತ್ಸಾಂಗ್ ಅವನ ರಾಜ್ಯವನ್ನು ಮಹಾರಾಷ್ಟ್ರ ಅಂತ ಕರೆದು, ದೊರೆಯ ಹೆಸರು ಪುಲಕೇಶಿ ಅಂತ ಚೀನೀ ಅಕ್ಷರದಲ್ಲಿ ಸದ್ದಿಗೆ ಸದ್ದು ಹೊಂದಿಸಿ ಬರೆದಿದ್ದಾರೆ. ಹರ್ಷ ಪೂರ್ವ ಪಶ್ಚಿಮ ಎಲ್ಲ ಗೆದ್ದರೂ ಈ ಜನ ಮಾತ್ರ ಅವನಿಗೆ ತಲೆಬಾಗಲಿಲ್ಲ ಅಂತ ದಾಖಲಿಸಿದ್ದಾರೆ. ಈ ಗ್ರಂಥ ಜಪಾನಿನ ಮಠಗಳಲ್ಲಿ ನೂರಾರು ವರ್ಷ ಓದಿಸಿಕೊಂಡಿದೆ. ಅಂದರೆ ಚಾಲುಕ್ಯ ದೊರೆಯ ಹೆಸರೂ ಅತೆಜಿಯಂಥದ್ದೇ ಅಕ್ಷರಗಳಲ್ಲಿ ಅಲ್ಲಿಗೆ ತಲುಪಿದೆ.

‘ಯಿಂದು’ ಅಕ್ಷರಗಳು ಜಪಾನಿಗೆ ಬೇಗ ಬಂದರೂ ಜನರ ಬಾಯಲ್ಲಿ ‘ತೆಂಜಿಕು’ವೇ ಉಳಿಯಿತು. ಅದನ್ನು ಅಲುಗಾಡಿಸಿದ್ದು ಭೂಪಟ. ಇಟಲಿಯ ಪಾದ್ರಿ ಮತ್ತೇಯೊ ರಿಚ್ಚಿ 1602ರಲ್ಲಿ ಬೀಜಿಂಗಿನಲ್ಲಿ ಅಚ್ಚು ಹಾಕಿಸಿದ ಪ್ರಪಂಚ ಪಟ ಜಪಾನಿಗೂ ಬಂತು. ಅದರಲ್ಲಿ ಮೂರು ದೇಶ ಅಲ್ಲ, ಇಡೀ ಭೂಗೋಳ ಇತ್ತು. 1709ರಲ್ಲಿ ಆರಾಯ್ ಹಾಕುಸೆಕಿ ಎಂಬ ವಿದ್ವಾಂಸ ಸೆರೆಸಿಕ್ಕ ಇಟಲಿಯ ಪಾದ್ರಿ ಸಿದೊತ್ತಿಯನ್ನು ಕೂರಿಸಿಕೊಂಡು ದೇಶ ದೇಶಗಳ ಬಗ್ಗೆ ಕೇಳಿ ಬರೆದುಕೊಂಡರು. ಬುದ್ಧನ ತೆಂಜಿಕು ಮತ್ತು ಭೂಪಟದ ಇಂದೊ ಒಂದೇ ನೆಲ ಅಂತ ಆಗ ನಿಧಾನಕ್ಕೆ ಮನದಟ್ಟಾಯಿತು. ಮೀಜಿ ಕಾಲದ (1868–1912) ಶಾಲೆ, ಪತ್ರಿಕೆಗಳು ಬಂದ ಮೇಲೆ ದೇಶದ ಹೆಸರು ಇಂದೊ, ಪುರಾಣದ ಹೆಸರು ತೆಂಜಿಕು ಅಂತ ಪಾಲಾಯಿತು.

1946ರಲ್ಲಿ ಜಪಾನ್ ಸರ್ಕಾರ ದಿನಬಳಕೆಯ ಕಾಂಜಿಗಳ ಪಟ್ಟಿ ಮಾಡಿತು. ಚೀನಾ ಬಿಟ್ಟು ಉಳಿದ ವಿದೇಶಿ ಹೆಸರುಗಳನ್ನು ಕಾನಾ ಅಕ್ಷರದಲ್ಲಿ, ಅಂದರೆ ಸದ್ದನ್ನಷ್ಟೇ ಹೇಳುವ ಜಪಾನಿ ಅಕ್ಷರದಲ್ಲಿ, ಬರೆಯಿರಿ ಅಂತ ಅದರ ಜೊತೆಗೇ ಸೂಚಿಸಿತು. ಹಾಗಾಗಿ ಇವತ್ತು ನಮ್ಮ ದೇಶದ ಹೆಸರು ಕಾತಾಕಾನಾ ಎಂಬ ಬಗೆಯ ಕಾನಾದ ಮೂರು ಅಕ್ಷರ: ಇ, ನ್, ದೊ. ಕಾಂಜಿ ರೂಪ ಪೂರ್ತಿ ಹೋಗಿಲ್ಲ. ತಲೆಬರಹದ ‘ಇನ್’ನಲ್ಲಿ ಉಳಿದಿದೆ. ‘ನಿಚಿ ಇನ್’ ಅಂದರೆ ಜಪಾನ್ ಮತ್ತು ಭಾರತ. ‘ಇನ್ ಪಾ’ ಅಂದರೆ ಭಾರತ ಮತ್ತು ಪಾಕಿಸ್ತಾನ. ಹೋಟೆಲ್ ಬೋರ್ಡುಗಳಲ್ಲೂ ಹಳೆಯ ಕಳೆ ಬೇಕೆಂದಾಗ ಆ ಎರಡು ಕಾಂಜಿ ಬಳಸುತ್ತಾರೆ. ಬ್ರಿಟಿಷರಿಂದ ತಪ್ಪಿಸಿಕೊಂಡು 1915ರಲ್ಲಿ ಜಪಾನಿಗೆ ಹೋದ ರಾಸ್ ಬಿಹಾರಿ ಬೋ‌ಸ್ ಹೆಸರು ನೀವು ಕೇಳಿರಬಹುದು. ಟೋಕಿಯೋದ ಶಿಂಜುಕುವಿನ ನಾಕಾಮುರಾಯಾ ಎಂಬ ಅಂಗಡಿ 1927ರಲ್ಲಿ ಅವರಿಂದ ಕಲಿತು ಶುರು ಮಾಡಿದ ಕೋಳಿ ಸಾರಿನ ಹೆಸರಲ್ಲೂ ಇದೇ ‘ಇಂದೊ’ ಇದೆ. ಇವತ್ತಿಗೂ ಅಲ್ಲಿ ಸಿಗುತ್ತದೆ.

ಮೊಹರಿನ ವಿಷಯ ಮುಗಿಯಿತು ಅಂದುಕೊಂಡಿರಾ? ಇನ್ನೊಂದು ಎಳೆ ಇದೆ. ‘ಇನ್’ ಅಕ್ಷರಕ್ಕೆ ಮೊಹರು ಎಂಬುದರ ಜೊತೆ ಬೌದ್ಧರಲ್ಲಿ ಇನ್ನೊಂದು ಅರ್ಥ ಇದೆ. ಬುದ್ಧನ ವಿಗ್ರಹದಲ್ಲಿ ಕೈಬೆರಳು ಇಡುವ ಭಂಗಿಗೂ ‘ಇನ್’ ಅಂತಾರೆ. ಅದು ಸಂಸ್ಕೃತದ ‘ಮುದ್ರಾ’ ಪದಕ್ಕೆ ಮಾಡಿಕೊಂಡ ಅನುವಾದ. ನಮ್ಮ ‘ಮುದ್ರೆ’ಗೂ ಸರಿಯಾಗಿ ಇವೆರಡೇ ಅರ್ಥ, ನೋಡಿ. ರಾಜಮುದ್ರೆಯ ಮುದ್ರೆ, ಚಿನ್ಮುದ್ರೆಯ ಮುದ್ರೆ. ದೇಶದ ಹೆಸರಿಗೆ ಈ ಅಕ್ಷರ ಬಂದದ್ದು ಸದ್ದಿಗಾಗಿ, ಅದರಲ್ಲಿ ಅನುಮಾನ ಇಲ್ಲ. ಆದರೆ ಇನ್ನು ಮುಂದೆ ಆ ‘ಇನ್’ ಕಂಡಾಗ ನಿಘಂಟಿನ ‘ಮೊಹರು’ ಬಿಟ್ಟು ‘ಮುದ್ರೆ’ ಅಂತ ಓದಿಕೊಳ್ಳಿ. ಕನ್ನಡದವರಿಗೆ ಅದೇ ಹತ್ತಿರದ ಪದ.

ನೀವು ಜಪಾನಿ ಕಲಿಯುತ್ತಿರುವುದರಿಂದ ಇನ್ನೊಂದು ಚಿಕ್ಕ ಸಂಗತಿ. ನಿಮ್ಮ ಕಾನಾ ಕೋಷ್ಟಕದ ಸಾಲು ನೋಡಿ: ಅ, ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲೆಯ ಕ, ಚ, ಟ, ತ, ಪ ಕ್ರಮದ ನೆರಳು ಕಾಣುತ್ತಿದೆಯಾ? ಅದು ಕಾಕತಾಳೀಯ ಅಲ್ಲ. ಸಂಸ್ಕೃತ ಅಕ್ಷರಗಳನ್ನು ಓದುತ್ತಿದ್ದ ಜಪಾನಿ ಭಿಕ್ಷುಗಳ ಅಭ್ಯಾಸದಿಂದ ಬಂದ ಕ್ರಮ ಅದು. ಹಾಗಾದರೆ ಪವರ್ಗದ ಜಾಗದಲ್ಲಿ ‘ಹ’ ಯಾಕೆ ಕೂತಿದೆ? ಯಾಕೆಂದರೆ ಹಳೆಯ ಜಪಾನಿಯಲ್ಲಿ ಅದು ‘ಪ’ ಆಗಿತ್ತು. ಹೂವಿಗೆ ಈಗ ‘ಹಾನಾ’, ಹಿಂದೆ ‘ಪಾನಾ’. ನಮ್ಮ ಪೂ ಹೂವಾದ ಹಾಗೆಯೇ.

ಕೊನೆಗೆ ಬಳಕೆಯ ಮಾತು. ನಿಮ್ಮ ದೇಶ ಯಾವುದು ಅಂತ ಕೇಳಿದರೆ ‘ಇಂದೊ’ ಅನ್ನಿ. ಭಾರತೀಯರು ‘ಇಂದೊಜಿನ್’. ಅರ್ಜಿ, ಇಮೇಲ್ ಎಲ್ಲದರಲ್ಲೂ ಕಾತಾಕಾನಾದಲ್ಲೇ ಬರೆಯಿರಿ. ‘ತೆಂಜಿಕುವಿನಿಂದ ಬಂದೆ’ ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಹಳೆಯ ಕಥೆಯೊಳಗಿಂದ ಎದ್ದು ಬಂದವರ ಮಾತಿನಂತೆ ಕೇಳುತ್ತದೆ. ಕೋತಿ ವೀರನೂ ಭಿಕ್ಷುವೂ ಸೂತ್ರಗಳನ್ನು ತರಲು ಪಶ್ಚಿಮಕ್ಕೆ ಹೊರಡುವ ‘ಸಾಯೂಕಿ’ ಕಥೆ ಜಪಾನಿನ ಮಕ್ಕಳಿಗೆಲ್ಲ ಗೊತ್ತು. ಅವರು ಹೊರಟದ್ದು ತೆಂಜಿಕುವಿಗೇ.

ಆ ಶರ್ಟಿನ ಲೇಬಲ್ಲನ್ನು ಇನ್ನೊಮ್ಮೆ ತೆಗೆದು ನೋಡಿ. ಅದರಲ್ಲಿ ಬಟ್ಟೆಯ ಬಗೆ ಹೇಳುವ ಸಾಲು ಬೇರೆ, ತಯಾರಾದ ದೇಶ ಹೇಳುವ ಸಾಲು ಬೇರೆ. ದೇಶದ ಹೆಸರಿನ ಬಾಲಕ್ಕೆ ‘ಸೆಯ್’ ಎಂಬ ಒಂದು ಕಾಂಜಿ ಅಂಟಿಕೊಂಡಿರುತ್ತದೆ. ‘ತಯಾರಿಸಿದ್ದು’ ಅಂತ ಅದರ ಅರ್ಥ. ತಿರುಪ್ಪೂರಿನಲ್ಲೋ ಇನ್ನೆಲ್ಲೋ ನಮ್ಮಲ್ಲೇ ಹೊಲಿದ ಶರ್ಟು ಮುಂದೆಂದಾದರೂ ಅಲ್ಲಿ ನಿಮ್ಮ ಕೈಗೆ ಸಿಕ್ಕರೆ ಒಂದು ಸಾಲಿನಲ್ಲಿ ‘ತೆಂಜಿಕು’, ಇನ್ನೊಂದು ಸಾಲಿನಲ್ಲಿ ‘ಇಂದೊ ಸೆಯ್’ ಅಂತ ಎರಡೂ ಒಟ್ಟಿಗೆ ಕಾಣಿಸುತ್ತವೆ.